ಯಾರದೋ ತೊಡೆಯ ಮೇಲೆ ನಮ್ಮ ಹಿಟ್ಟು

ಕಲ್ಕತ್ತೆಗೆ ಬಂದ ಮರುದಿನ ಬೆಳಿಗ್ಗೆ, ತುಂಬಿ ತುಳುಕುತ್ತಿದ್ದ ಬಸ್ಸಿನಲ್ಲಿ, ಕನ್ನಡಕ ಹಾಕಿದ ಗಂಭೀರ ಮನುಷ್ಯರೊಬ್ಬರು ಕೂತಲ್ಲಿಂದಲೇ ಕೈಚಾಚಿ ನನ್ನ ಚೀಲ ಕಿತ್ತುಕೊಂಡರು. ನಾನು "ಅಯ್ಯೋ ಕಳ್ಳ, ಕಳ್ಳ!" ಎಂದು ಶುದ್ಧ ಕನ್ನಡದಲ್ಲಿ ಬೊಬ್ಬೆ ಹಾಕಿದೆ. ಬಸ್ಸಿನವರೆಲ್ಲ ನನ್ನ ಕಡೆ ತಿರುಗಿ, ಇವನು ಯಾವುದೋ ಸಾಮಾನು ಮಾರುತ್ತಿದ್ದಾನೆ ಎಂದುಕೊಂಡು ಮತ್ತೆ ಆಚೆ ತಿರುಗಿದರು. ಕಳ್ಳ ಮಾತ್ರ ನಿಶ್ಚಿಂತೆಯಿಂದ ನನ್ನ ಚೀಲವನ್ನು ತನ್ನ ತೊಡೆಯ ಮೇಲೆ, ಅಲ್ಲಿ ಆಗಲೇ ಕೂತಿದ್ದ ಇನ್ನೆರಡು ಚೀಲಗಳ ಮೇಲೆ ಪೇರಿಸಿಕೊಂಡು, ಪತ್ರಿಕೆ ಬಿಡಿಸಿದರು. ನಾನು ಇಳಿಯುವಾಗ ತಲೆ ಎತ್ತದೆಯೇ ವಾಪಸು ಕೊಟ್ಟರು. ಒಳಗಿನ ಬಾಳೆಹಣ್ಣು ಕೂಡ ಜಜ್ಜಿರಲಿಲ್ಲ.

ಇದು ಈ ಊರಿನ ಪದ್ಧತಿ. ಸೀಟು ಸಿಕ್ಕಿದವನು ಸೀಟು ಸಿಗದವನ ಸಾಮಾನನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಹೆಚ್ಚೆಂದರೆ "ಬ್ಯಾಗ್‌ಟಾ ದಿನ್" ಅನ್ನುತ್ತಾರೆ, ಚೀಲ ಕೊಡಿ ಅಂತ. ಅಷ್ಟು ಹೊತ್ತಿಗೆ ಚೀಲ ಹೋಗಿಯಾಗಿರುತ್ತದೆ. ನಮ್ಮೂರಿನ ಬಸ್ಸಿನಲ್ಲಿ ಸೀಟು ಸಿಕ್ಕಿದವನು ಮಾಡುವ ಮೊದಲ ಕೆಲಸವೆಂದರೆ ಕಿಟಕಿಯ ಹೊರಗೆ ನೋಡುವುದು. ನಿಂತವರ ಕಣ್ಣು ತಪ್ಪಿಸಲಿಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ನಾನು ಇಲ್ಲಿಗೆ ಬಂದದ್ದು ಯಾವ ಸಾಧನೆಗೂ ಅಲ್ಲ. ಉಡುಪಿಯ ಕಡೆಯ ನಮ್ಮ ಕಾಲೇಜಿನಲ್ಲಿ ಪ್ರಿನ್ಸಿಪಾಲರ ಸ್ವರದಲ್ಲಿ ಮೈಕಿನ ಮುಂದೆ ರಜೆ ಸಾರಿಬಿಟ್ಟೆ. ಮಕ್ಕಳು ಮಾತ್ರ ಹೋಗಿದ್ದರೆ ಬಚಾವಾಗುತ್ತಿದ್ದೆ. ಅಧ್ಯಾಪಕರೂ ಮನೆಗೆ ಹೋಗಿದ್ದರು. ಅಲ್ಲಿಗೆ ನನ್ನ ಓದು ನಿಂತಿತು. ಅಪ್ಪ ನನ್ನನ್ನು ಮಾವನ ಹತ್ತಿರ ಸಾಗಹಾಕಿದರು. ಮಾವ ಅಂದರೆ ಅಮ್ಮನ ತಮ್ಮ. ಬಾಲಿಗಂಜ್ ಸ್ಟೇಶನ್ನಿನ ಹತ್ತಿರ ಇಡ್ಲಿ, ದೋಸೆ, ಊಟದ ಪುಟ್ಟ ಮೆಸ್ಸು ನಡೆಸುತ್ತಿದ್ದರು. ಗಲ್ಲಾಪೆಟ್ಟಿಗೆಯ ನೇರ ಮೇಲಿನ ಅಟ್ಟ ನನ್ನ ಬಿಡಾರ. ಕೆಳಗೆ ಸಾಂಬಾರಿನ ಒಗ್ಗರಣೆ ಬಿದ್ದರೆ ಮೇಲೆ ನಾನು ಸೀನುತ್ತಿದ್ದೆ. ಪಕ್ಕದ ಮನೆಯವರು ಸಾಸಿವೆ ಎಣ್ಣೆ ಕಾಯಿಸಿದರೆ ಇಬ್ಬರ ಹೆಸರಿನಲ್ಲೂ ಸೀನುತ್ತಿದ್ದೆ.

ಒಂಟಿತನ ಅನ್ನುತ್ತಾರಲ್ಲ, ನನಗೆ ಅದು ವಿಚಿತ್ರ ದಾರಿಯಲ್ಲಿ ಬಂತು. ಅಣಕಿಸುವವನಿಗೆ ಅಸಲು ಗೊತ್ತಿರುವ ಜನ ಬೇಕು. ನಮ್ಮೂರ ಪೋಸ್ಟ್‌ಮಾಸ್ಟರರ ಕೆಮ್ಮನ್ನು ನಾನು ಎಷ್ಟು ಚೆನ್ನಾಗಿ ಮಾಡಿದರೂ ಇಲ್ಲಿ ಅದು ಬರೀ ಕೆಮ್ಮು. ನೋಡಿದವರು ನೀರು ತಂದುಕೊಡುತ್ತಿದ್ದರು. ಹಾಗಾಗಿ ಹೊಸ ಅಸಲುಗಳನ್ನು ಹುಡುಕಿಕೊಂಡು ಬಸ್ಸು, ಟ್ರಾಮು ಹತ್ತತೊಡಗಿದೆ. ಮಾವ ತರಕಾರಿಗೆ ಕಳಿಸಿದರೆ ಸಾಕು, ಹೋಗಬೇಕಾದ ಕಡೆಯೊಂದನ್ನು ಬಿಟ್ಟು ಎಲ್ಲ ಕಡೆ ಹೋಗುತ್ತಿದ್ದೆ. ಬೇಕೆಂದೇ ಅಲ್ಲ. ಬಸ್ಸಿನ ಹಣೆಯ ಮೇಲಿನ ಬಂಗಾಳಿ ಅಕ್ಷರ ಓದಲು ಬರುತ್ತಿರಲಿಲ್ಲ. 'ಪಾತಾಳ ರೈಲು' ಎಂದು ಇವರು ಕರೆಯುವ ನೆಲದಡಿಯ ರೈಲಿಗಾಗಿ ಊರಿನ ನಡುಬೆನ್ನನ್ನೇ ಅಗೆದು ಹಾಕಿದ್ದರಿಂದ, ನಿನ್ನೆ ಎಡಕ್ಕೆ ಹೋದ ಬಸ್ಸು ಇವತ್ತು ಬಲಕ್ಕೆ ಹೋಗುತ್ತಿತ್ತು. ಗಾರ್ಡನ್ ರೀಚಿನ ಹಡಗುಕಟ್ಟೆಯ ಗೇಟಿನ ಮುಂದೆ ಕೊತ್ತಂಬರಿ ಸೊಪ್ಪು ಎಲ್ಲಿ ಸಿಗುತ್ತದೆ ಎಂದು ಕೇಳಿದವನು ನಾನೊಬ್ಬನೇ ಇರಬೇಕು.

ಒಂದೇ ಒಂದು ಗೆಲುವು ನನ್ನ ಪಾಲಿಗಿತ್ತು. ನಮ್ಮಲ್ಲಿ ಬಸ್ಸು ಮನೆಯ ಮುಂದೆ ನಿಂತು, ಹಾರ್ನು ಹೊಡೆದು, ಅಜ್ಜಿ ಚಪ್ಪಲಿ ಹುಡುಕಿಕೊಂಡು ಬರುವವರೆಗೆ ಕಾಯುತ್ತದೆ. ಇಲ್ಲಿ ಗಂಡಸರಿಗಾಗಿ ಬಸ್ಸು ನಿಲ್ಲುವುದಿಲ್ಲ, ಸ್ವಲ್ಪ ಉಸಿರು ತೆಗೆದುಕೊಳ್ಳುತ್ತದೆ ಅಷ್ಟೆ. ಆ ಉಸಿರಿನೊಳಗೆ ಹಾರಬೇಕು. ಹೆಂಗಸರು ಇಳಿಯುವಾಗ ಮಾತ್ರ ಕಂಡಕ್ಟರು ತಗಡಿಗೆ ಬಡಿದು "ಆಸ್ತೇ ಲೇಡೀಸ್, ಕೋಲೇ ಬಾಚ್ಚಾ!" ಎಂದು ಕೂಗುತ್ತಾನೆ. ನಿಧಾನ, ಹೆಂಗಸರಿದ್ದಾರೆ, ಕಂಕುಳಲ್ಲಿ ಮಗು ಇದೆ ಎಂದರ್ಥ. ಆಗ ಬಸ್ಸು ನಿಜವಾಗಿ ನಿಲ್ಲುತ್ತದೆ. ಒಂದು ದಿನ ಹಾರುವ ಧೈರ್ಯ ಸಾಲದೆ, ಹಿಂದಿನಿಂದ ನಾನೇ ಕಂಡಕ್ಟರನ ಸ್ವರದಲ್ಲಿ ಹಾಗೆ ಕೂಗಿದೆ. ಬಸ್ಸು ಗಕ್ಕನೆ ನಿಂತಿತು. ಎಲ್ಲರೂ ತಾಯಿಗೆ ದಾರಿ ಬಿಟ್ಟರು. ಆ ದಾರಿಯಲ್ಲಿ ಮೀಸೆ ಹೊತ್ತು ನಾನು ಇಳಿದೆ. "ಮಗು ಎಲ್ಲಿ?" ಎಂದರು ಯಾರೋ. "ನಾನೇ" ಎಂದೆ. ಕಂಡಕ್ಟರ್ ಕೂಡ ನಕ್ಕ. ಕಲ್ಕತ್ತೆ ನನ್ನ ಅಣಕಕ್ಕೆ ನಕ್ಕದ್ದು ಅದೇ ಮೊದಲು. ಅಟ್ಟಕ್ಕೆ ಬಂದು ಆ ಖುಷಿಯನ್ನು ಹೇಳಿಕೊಳ್ಳಲು ಯಾರೂ ಇಲ್ಲದೆ ಸುಮ್ಮನೆ ಮಲಗಿದೆ.

ಮಾವ ಮಾತ್ರ ನಗುತ್ತಿರಲಿಲ್ಲ. ಅವರ ಮೆಸ್ಸು ಕುಂಟುತ್ತಿತ್ತು. ದಿನಕ್ಕೆ ಎಷ್ಟು ಸಲ ಲೋಡ್‌ಶೆಡಿಂಗೋ ಅಷ್ಟು ಸಲ ಗ್ರೈಂಡರು ನಿಲ್ಲುತ್ತಿತ್ತು; ಕರೆಂಟು ಯಾವಾಗ ಬರುತ್ತದೆ ಎಂದು ಯಾರನ್ನು ಕೇಳಿದರೂ "ಕೀ ಕೋರಾ ಜಾಬೇ" ಅನ್ನುತ್ತಿದ್ದರು. ಏನು ಮಾಡಲಾಗುತ್ತದೆ ಹೇಳಿ, ಎಂದು. ನಾನು ಪೂರ್ತಿ ಕಲಿತ ಮೊದಲ ಬಂಗಾಳಿ ವಾಕ್ಯ ಅದು. ಮಾವನಿಗೆ ಆ ವಾಕ್ಯ ಕೇಳಿದರೆ ಮೈ ಉರಿಯುತ್ತಿತ್ತು. "ಕೈಲಾಗದವರ ಮಂತ್ರ ಮಾರಾಯ ಅದು" ಅನ್ನುತ್ತಿದ್ದರು.

ಅಂಥ ಹೊತ್ತಿನಲ್ಲಿ ಒಂದು ದೊಡ್ಡ ಆರ್ಡರು ಬಂತು. ಕುಂದಾಪುರ ಕಡೆಯ ರಾಯರೊಬ್ಬರು ಇಲ್ಲಿ ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ಅವರ ಮಗನ ಉಪನಯನ, ದಕ್ಷಿಣೇಶ್ವರದ ಗಂಗೆಯ ದಂಡೆಯ ಒಂದು ಛತ್ರದಲ್ಲಿ. ಭಾನುವಾರ ಮುಹೂರ್ತ, ಶನಿವಾರ ಸಂಜೆಯೇ ನೆಂಟರು ಸೇರುತ್ತಾರೆ, ಆಗ ಇಡ್ಲಿ ಆಗಬೇಕು. ಕಲ್ಕತ್ತೆಯ ಬ್ಯಾಂಕುಗಳಲ್ಲಿರುವ ನಮ್ಮ ಕರಾವಳಿಯ ಮನೆಗಳೆಲ್ಲ ಅಲ್ಲಿ ಬಾಳೆಲೆಯ ಮುಂದೆ ಕೂರುವವು. ಒಮ್ಮೆ ಹೆಸರು ಬಂದರೆ ಮುಂದಿನ ಸೀಮಂತ, ಮದುವೆ, ಪೂಜೆ ಎಲ್ಲ ಮಾವನಿಗೇ.

ಮಾವ ಅಡುಗೆಯವರನ್ನೂ ಪಾತ್ರೆಗಳನ್ನೂ ಟೆಂಪೋದಲ್ಲಿ ಹಾಕಿಕೊಂಡು ಬೆಳಿಗ್ಗೆಯೇ ಹೊರಟರು. ಆದರೆ ಕರೆಂಟು ಕೈಕೊಟ್ಟು ಹಿಟ್ಟು ರುಬ್ಬುವುದು ತಡವಾಗಿತ್ತು. ಅದು ಹುದುಗಲಿ ಎಂದು ಬಿಟ್ಟು, ಮಧ್ಯಾಹ್ನ ಲೋಕಲ್ ರೈಲಿನಲ್ಲಿ ತರುವ ಕೆಲಸ ನನ್ನ ತಲೆಗೆ ಬಂತು.

"ಮಾಣಿ, ಕೇಳು. ಎರಡು ಡಬರಿ ಇಟ್ಟಿದ್ದೇನೆ. ಎರಡರಲ್ಲೂ ಅರ್ಧರ್ಧ ಹಾಕು. ಸೆಕೆಗೆ ಉಕ್ಕುತ್ತದೆ. ಉಕ್ಕಲಿಕ್ಕೆ ಜಾಗ ಬೇಕು ಅದಕ್ಕೆ, ನಿನ್ನ ನಾಲಿಗೆಗೆ ಬೇಕಾದ ಹಾಗೆ."

"ಆಯ್ತು ಮಾವ."

"ಮತ್ತೆ ಮಡಿ ಉಂಟು. ಮುಚ್ಚಳ ಬಟ್ಟೆ ಕಟ್ಟಿ ಭದ್ರ ಮಾಡು. ಒಬ್ಬನ ಕೈ ಒಳಗೆ ಹೋಗಬಾರದು. ಇದೊಂದು ಸರಿ ಮಾಡು. ಇಲ್ಲದಿದ್ರೆ ಶುಕ್ರವಾರದ ಮದ್ರಾಸ್ ಮೈಲ್ ರೈಲಿಗೆ ಹತ್ತಿಸಿಬಿಡ್ತೇನೆ. ನಿನ್ನಪ್ಪನಿಗೆ ನಾನು ಹೇಳಿಕೊಳ್ತೇನೆ."

ಊರಿಗೆ ಹೋಗಬೇಕೆಂದು ನಾನು ಅಟ್ಟದಲ್ಲಿ ಮಲಗಿ ಬಯಸದ ದಿನವಿರಲಿಲ್ಲ. ಆದರೆ ವಿಳಾಸ ಸರಿಯಿಲ್ಲವೆಂದು ವಾಪಸು ಬಂದ ಪಾರ್ಸೆಲ್ಲಿನ ಹಾಗೆ ಅಲ್ಲ. ಕಾಲೇಜೂ ತಿರುಗಿಸಿ ಕಳಿಸಿತು, ಕಲ್ಕತ್ತೆಯೂ ತಿರುಗಿಸಿ ಕಳಿಸಿತು ಎಂದಾದರೆ ಮತ್ತೆ ಅಂಚೆಯವರು ಎಲ್ಲಿಗೆಂದು ಸಾಗಿಸಬೇಕು?

ಮಾವ ಹೋದ ಮೇಲೆ ಎರಡು ಡಬರಿಗಳನ್ನೂ ನೋಡಿದೆ. ನನ್ನ ಎರಡು ಕೈಗಳನ್ನೂ ನೋಡಿದೆ. ಎರಡು ಕೈಯಲ್ಲಿ ಸಾಮಾನು ಹಿಡಿದವನು ಈ ಊರಿನ ರೈಲು ಹತ್ತಲಾರ; ಒಂದು ಕೈ ಬಾಗಿಲ ಕಂಬಿಗೆ ಬೇಕೇಬೇಕು. ಮಾವ ಟೆಂಪೋದಲ್ಲಿ ಹೋಗುವವರು, ಅವರಿಗೇನು ಗೊತ್ತು? ಅಷ್ಟೂ ಹಿಟ್ಟನ್ನು ಒಂದೇ ಡಬರಿಗೆ ಸುರಿದೆ. ಕುತ್ತಿಗೆಯವರೆಗೆ ಬಂತು. ಅಷ್ಟು ದೂರದ ದಾರಿಯೇನಲ್ಲವಲ್ಲ, ಉಕ್ಕುವುದರೊಳಗೆ ಮುಟ್ಟಿಸಿಬಿಡುತ್ತೇನೆ ಎಂದು ಲೆಕ್ಕ ಹಾಕಿದೆ. ಕಲ್ಕತ್ತೆಯಲ್ಲಿ ದೂರವನ್ನು ಅಳೆದು ಹೊತ್ತನ್ನು ಹೇಳಬಾರದೆಂದು ಇನ್ನೂ ಕಲಿತಿರಲಿಲ್ಲ.

ಬಾಲಿಗಂಜಿನಿಂದ ಸಿಯಾಲ್ದಾ ಸುಸೂತ್ರ. ಅಲ್ಲಿ ದಕ್ಷಿಣೇಶ್ವರಕ್ಕೆ ಹೋಗುವ ಲೋಕಲ್ಲಿಗೆ ಶನಿವಾರದ ಅರ್ಧ ದಿನದ ಆಫೀಸು ಬಿಟ್ಟವರೆಲ್ಲ ನುಗ್ಗಿದ್ದರು. ನಾನು ಹತ್ತಲಿಲ್ಲ, ಹಿಂದಿನವರು ನನ್ನನ್ನು ಹತ್ತಿಸಿದರು. ಒಳಗೆ ಬಂದು ನೋಡಿದರೆ ಕೈಯಲ್ಲಿ ಡಬರಿ ಇಲ್ಲ! ಅದು ಆಗಲೇ ಬಿಳಿ ಧೋತಿ ಉಟ್ಟ ಒಬ್ಬ ಹಿರಿಯರ ತೊಡೆ ಸೇರಿತ್ತು. ಭಾರ ಜಾಸ್ತಿಯೆಂದು ಅವರು ಪಕ್ಕದ ಸಪೂರ ಹುಡುಗನ ಒಂದು ತೊಡೆಯನ್ನೂ ಸಾಲ ತೆಗೆದುಕೊಂಡಿದ್ದರು. ಹಿರಿಯರು ಘೋಷಾಲ್ ಬಾಬು, ಯಾವುದೋ ಸರ್ಕಾರಿ ಕಚೇರಿಯ ಗುಮಾಸ್ತರು. ಹುಡುಗ ಬಾಪಿ, ಅದೇ ಕಚೇರಿಗೆ ಹೊಸದಾಗಿ ಸೇರಿದವನು. ದಿನಾ ರೈಲಿನ ಒಂದೇ ಡಬ್ಬಿ, ಒಂದೇ ಬೆಂಚು, ಒಂದೇ ಇಸ್ಪೀಟು ಆಟ. ಎದುರಿಗೆ ಕೂತ ಇಬ್ಬರು ಆಟದ ಜೊತೆಗಾರರು. ದಿನವೂ ತೊಡೆಗಳ ಮೇಲೆ ಪತ್ರಿಕೆ ಹಾಸಿ ಆಡುವವರಿಗೆ ಇವತ್ತು ನನ್ನ ಡಬರಿಯ ಮುಚ್ಚಳ ಮೇಜಾಗಿ ಒದಗಿತು.

"ಮದ್ರಾಜಿ?" ಎಂದರು ಘೋಷಾಲ್ ಬಾಬು, ಎಲೆ ಹಂಚುತ್ತ.

"ಕರ್ನಾಟಕ."

"ಅದೇ, ಮದ್ರಾಜಿ. ಇದರೊಳಗೇನು?"

"ಇಡ್ಲಿ. ಇನ್ನೂ ಆಗಿಲ್ಲ."

ರೈಲು ಬರಾನಗರ ದಾಟಿ ಸ್ವಲ್ಪ ದೂರ ಹೋಗಿ ನಿಂತಿತು. ಯಾರೂ ತಲೆ ಎತ್ತಲಿಲ್ಲ. ಫ್ಯಾನು ನಿಂತಿತು. ಆಗಲೂ ಎತ್ತಲಿಲ್ಲ. ಬಾಗಿಲಲ್ಲಿ ನೇತಾಡುತ್ತಿದ್ದವನೊಬ್ಬ ಇಣುಕಿ "ಅವರೋಧ್!" ಎಂದ. ನಮಗೂ ಗೊತ್ತಿರುವ ಶಬ್ದವೇ. ಆದರೆ ಇಲ್ಲಿ ಅದಕ್ಕೆ ಕೈಕಾಲು ಇವೆ. ಜನ ಹಳಿಯ ಮೇಲೆ ಚಾಪೆ ಹಾಸಿ ಕೂತುಬಿಡುತ್ತಾರೆ. ಯಾಕೆ ಕೂತಿದ್ದಾರೆ ಎಂಬ ಬಗ್ಗೆ ಡಬ್ಬಿಯಲ್ಲಿ ಚರ್ಚೆ ಶುರುವಾಯಿತು. ನಲ್ಲಿ ನೀರಿಲ್ಲ ಎಂದ ಒಬ್ಬ. ಕರೆಂಟಿಲ್ಲ ಎಂದ ಇನ್ನೊಬ್ಬ. ಎಲ್ಲದಕ್ಕೂ ಕೇಂದ್ರವೇ ಕಾರಣ ಎಂದರು ಮೂಲೆಯವರು. ರಾಜ್ಯದವರು ತಮ್ಮ ಸರ್ಕಾರದ ವಿರುದ್ಧ ತಾವೇ ಮೆರವಣಿಗೆ ಮಾಡುವುದು ನೋಡಿಲ್ಲವೇ ಎಂದರು ಕಿಟಕಿಯವರು. ಅಂತೂ ಯಾವಾಗ ಹೊರಡುತ್ತದೆ ಎಂದು ನಾನು ಕೇಳಿದೆ. ಡಬ್ಬಿಯ ಎಡವೂ ಬಲವೂ ಅದೊಂದರಲ್ಲಿ ಒಮ್ಮತಕ್ಕೆ ಬಂದವು: "ಕೀ ಕೋರಾ ಜಾಬೇ."

ಹೊರಗೆ ಜ್ಯೇಷ್ಠ ಮಾಸದ ಬಿಸಿಲು. ತಗಡಿನ ಡಬ್ಬಿ ಹಬೆಪಾತ್ರೆಯಾಗಿತ್ತು. ನಾವೆಲ್ಲ ಒಳಗೆ ಬೇಯುತ್ತಿದ್ದೆವು. ನನ್ನ ಕಣ್ಣು ಮುಚ್ಚಳದಿಂದ ಆಚೆ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಮುಚ್ಚಳದ ಮೇಲಿನ ಇಸ್ಪೀಟೆಲೆಗಳು ಒಂದು ಕಡೆಗೆ ಜಾರಿದವು.

"ಬಾಪಿ, ತೊಡೆ ಅಲ್ಲಾಡಿಸಬೇಡ."

"ನಾನಲ್ಲ ಘೋಷಾಲ್‌ದಾ. ಕೆಳಗಿನಿಂದ ಯಾರೋ ತಳ್ಳುತ್ತಿದ್ದಾರೆ."

ಬಟ್ಟೆಯ ಗಂಟು ಬಿಗಿಯಾಗಿ, ಮುಚ್ಚಳ ಓರೆಯಾಗಿ, ಅಂಚಿನಿಂದ ಬೆಳ್ಳಗೆ ಒಂದು ನಾಲಿಗೆ ಹೊರಗೆ ಬಂತು. ಘೋಷಾಲ್ ಬಾಬುಗಳ ಧೋತಿಯ ಮೇಲೆ ಮೆತ್ತಗೆ ಇಳಿಯಿತು.

"ಏ ಕೀ! ದೋಯಿ ನಾಕಿ?" ಎಂದರು ಅವರು. ಇದೇನು, ಮೊಸರೇ?

ಸಾವಿರ ಜನರ ದನಿ ಮಾಡಬಲ್ಲೆ ಎಂದು ಜಂಬ ಪಡುತ್ತಿದ್ದವನು ನಾನು. ಆ ಹೊತ್ತಿಗೆ ಯಾರ ದನಿಯಲ್ಲಿ ಕೂಗಿದ್ದರೂ ಹಿಟ್ಟಿಗೆ ಕಿವಿ ಇರಲಿಲ್ಲ. "ಆಸ್ತೇ, ಆಸ್ತೇ" ಎಂದು ಬೇಡಿಕೊಂಡೆ. ಗಂಟು ಬಿಚ್ಚಿ ಮುಚ್ಚಳ ತೆಗೆದೆ, ಗಾಳಿ ಹೋದರೆ ಇಳಿಯಬಹುದೆಂದು. ಇಳಿಯಲಿಲ್ಲ, ಬಿಡುಗಡೆ ಸಿಕ್ಕಿದ್ದಕ್ಕೆ ಇನ್ನೂ ಹಿಗ್ಗಿತು. ಡಬ್ಬಿಯವರೆಲ್ಲ ಕುತ್ತಿಗೆ ಚಾಚಿದರು. ನೀರು ಹಾಕು ಎಂದರು, ಹಾಕಬೇಡ ಎಂದರು. ಅಷ್ಟರಲ್ಲಿ ಬಾಪಿಗೆ ಉಪಾಯ ಹೊಳೆಯಿತು.

"ದಾದಾ, ಪಾತ್ರೆ ಬೇಕು ಅಷ್ಟೇ ತಾನೇ? ಎಲ್ಲರ ಹತ್ತಿರ ಇದೆಯಲ್ಲ!"

ನಾನು ಬೇಡವೆನ್ನುವುದರೊಳಗೆ ಮಧ್ಯಾಹ್ನ ಉಂಡು ಖಾಲಿಯಾದ ಟಿಫಿನ್ ಡಬ್ಬಿಗಳು ಎಲ್ಲ ದಿಕ್ಕಿನಿಂದ ಬಂದವು. ತಲೆಗಳ ಮೇಲಿನಿಂದ, ಕಂಕುಳ ಕೆಳಗಿನಿಂದ, "ಇದನ್ನೂ ತಗೊಳ್ಳಿ", "ಇದು ದೊಡ್ಡದಿದೆ". ಬಾಪಿ ಎಲ್ಲರಿಗಿಂತ ಮೊದಲು ತನ್ನ ಡಬ್ಬಿಯನ್ನು ಡಬರಿಯೊಳಗೆ ಅದ್ದಿ, ತುಂಬ ತೋಡಿ, ಗೆದ್ದವನಂತೆ ಮೇಲೆತ್ತಿದ. ಡಬ್ಬಿಯ ಮೂಲೆಯಲ್ಲಿ ಅರಿಸಿನ ಬಣ್ಣದ ಒಂದು ಮುಳ್ಳು ಅಂಟಿಕೊಂಡಿತ್ತು.

"ಮೀನಾ?" ಎಂದೆ. ನನ್ನದೇ ಸ್ವರ, ಆದರೆ ಯಾರೋ ಅಣಕಿಸಿದ ಹಾಗೆ ಕೇಳಿಸಿತು.

"ರೂಯಿ ಮೀನು! ಅಮ್ಮ ಮಾಡಿದ್ದು," ಎಂದ ಅವನು ಹೆಮ್ಮೆಯಿಂದ. "ಡಬ್ಬಿ ತೊಳೆದಿದ್ದೇನೆ, ಚಿಂತೆ ಮಾಡಬೇಡಿ."

ಬೈಯಲೇ? ಯಾಕೆಂದು ಬೈಯಲಿ? ಅಷ್ಟು ಜನ ಅಷ್ಟು ಪ್ರೀತಿಯಿಂದ ತಮ್ಮ ಊಟದ ಪಾತ್ರೆ ನೀಡುತ್ತಿದ್ದಾರೆ. ಮಡಿ ಎಂದರೆ ಏನು ಎಂದು ಹೇಳಲು ನನ್ನ ಬಂಗಾಳಿ ಸಾಲದು. ಸಾಲುತ್ತಿದ್ದರೂ ಧೋತಿ ತುಂಬ ನಮ್ಮ ಹಿಟ್ಟು ಬಳಿದುಕೊಂಡು, "ಪರವಾಗಿಲ್ಲ, ಪರವಾಗಿಲ್ಲ" ಎನ್ನುತ್ತ ಕೂತಿದ್ದ ಮನುಷ್ಯರ ಮುಂದೆ ಬಾಯಿ ಸಾಲುತ್ತಿರಲಿಲ್ಲ. ಬೇಡ ಎನ್ನುವ ಶಕ್ತಿ ಇಲ್ಲ, ಹೂಂ ಎನ್ನುವ ಹಕ್ಕಿಲ್ಲ. ಸುಮ್ಮನೆ ನಿಂತು ಮದ್ರಾಸ್ ಮೈಲಿನ ಸೀಟಿ ಕೇಳಿಸಿಕೊಂಡೆ.

ಬೇಸತ್ತ ಜನ ಒಬ್ಬೊಬ್ಬರಾಗಿ ಇಳಿದು ಹಳಿಯ ಪಕ್ಕದಲ್ಲಿ ಮನೆಯ ಕಡೆ ನಡೆಯತೊಡಗಿದರು. ಹಿಟ್ಟಿನ ಡಬ್ಬಿಗಳೂ ಅವರೊಂದಿಗೆ ಇಳಿದವು. "ಮನೆಗೆ ಹೋಗಿ ಏನು ಮಾಡಬೇಕು ಇದನ್ನು?" ಎಂದು ಕೇಳಿದರು. "ಹಬೆಯಲ್ಲಿ ಬೇಯಿಸಿ" ಎಂದು ಕೈಸನ್ನೆ ಮಾಡಿ ತೋರಿಸಿದೆ. ನನ್ನ ಮಾವನ ಹೆಸರು, ಆ ಹಳಿಯುದ್ದಕ್ಕೂ, ಒಂದೊಂದು ಮೀನಿನ ಡಬ್ಬಿಯಾಗಿ ಚೆದುರಿಹೋಗುತ್ತಿತ್ತು.

ಘೋಷಾಲ್ ಬಾಬು ಮಾತ್ರ ಡಬರಿಯ ಒಂದು ಕಿವಿ ಹಿಡಿದುಕೊಂಡರು, ಬಾಪಿ ಇನ್ನೊಂದು. "ದಕ್ಷಿಣೇಶ್ವರ ತಾನೇ? ನಾವೂ ಅಲ್ಲಿಯವರೇ. ಒಪ್ಪಿಸಿಯೇ ಹೋಗುತ್ತೇವೆ," ಎಂದರು. ನಾನು ಬರಿಗೈಯಲ್ಲಿ ಅವರ ಹಿಂದೆ ನಡೆದೆ. ಅರ್ಧ ಡಬರಿ ಹಿಟ್ಟು ಉಳಿದಿತ್ತು, ನೋಡಲಿಕ್ಕೆ ಬೆಳ್ಳಗೆ, ನಿರಪರಾಧಿಯಂತೆ. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ದಾರಿಯುದ್ದಕ್ಕೂ ಏನೂ ಆಗದವನ ಮುಖ ಮಾಡಲು ಪ್ರಯತ್ನಿಸಿದೆ. ಯಾರ ಮುಖ ಬೇಕಾದರೂ ಮಾಡುತ್ತೇನೆ, ಅದೊಂದು ಬರಲಿಲ್ಲ.

ಛತ್ರದ ಹಿತ್ತಲಲ್ಲಿ ಮಾವ ಒಲೆ ಹೊತ್ತಿಸಿ, ತಟ್ಟೆ ಜೋಡಿಸಿ ಕಾಯುತ್ತಿದ್ದರು.

"ಎಂತ ಮಾಣಿ, ಒಂದೇ ಡಬರಿ? ಅದೂ ಅರ್ಧ?"

"ರೈಲು ನಿಂತಿತು ಮಾವ. ಉಕ್ಕಿತು."

"ಕೈ ಹೋಯಿತಾ ಒಳಗೆ?"

"ಕೈ ಅಲ್ಲ ಮಾವ. ಮೀನಿನ ಡಬ್ಬಿ."

ಮಾವ ಬೈಯಲಿಲ್ಲ. ಬೈದಿದ್ದರೆ ಅಣಕಿಸಲಿಕ್ಕಾದರೂ ಆಗುತ್ತಿತ್ತು. ಡಬರಿಯ ಕಡೆ ಒಮ್ಮೆ ನೋಡಿ, ಅಡುಗೆಯವರಿಗೆ "ರವೆ ಹುರಿಯಿರಿ" ಎಂದರು, ಅಷ್ಟೆ.

ಉಪ್ಪಿಟ್ಟು ಬಡಿಸುವಾಗ ರಾಯರು ಎಲೆಯ ಮುಂದೆ ಕೂತು ಹುಬ್ಬೇರಿಸಿದರು. "ಏನು ಭಟ್ರೇ, ಇಡ್ಲಿ ಅಂದಿದ್ರಲ್ಲ?"

"ರೈಲು ನಿಂತುಹೋಯ್ತು ರಾಯರೇ."

"ರೈಲು ನಿಂತ್ರೆ ಇಡ್ಲಿ ಹೋಗಿ ಉಪ್ಪಿಟ್ಟಾಗ್ತದಾ? ಇದು ಯಾವ ಲೆಕ್ಕ ಮಾರಾಯ್ರೆ!"

ಪಂಕ್ತಿ ಪೂರ್ತಿ ನಕ್ಕಿತು. ಮಾವನೂ ನಕ್ಕರು. ಆ ನಗುವನ್ನು ನಾನು ಇವತ್ತಿಗೂ ಅಣಕಿಸಿಲ್ಲ.

ಹಿತ್ತಲಿಗೆ ಬಂದ ಮಾವ "ಅದನ್ನು ಗಂಗೆಗೆ ಚೆಲ್ಲಿ ಬಾ" ಎಂದರು. ಆಮೇಲೆ ಗೇಟಿನ ಕಡೆ ಕಣ್ಣು ಹಾಯಿಸಿದರು. ಅಲ್ಲಿ, ಒಣಗಿದ ಹಿಟ್ಟಿನಿಂದ ಧೋತಿ ಹಲಗೆಯಂತಾಗಿದ್ದ ಘೋಷಾಲ್ ಬಾಬು, ಪಕ್ಕದಲ್ಲಿ ಬಾಪಿ, ಕಟ್ಟೆಯ ಮೇಲೆ ಕೂತೇ ಇದ್ದರು.

"ಅವರು ಯಾರು?"

"ಹೊತ್ತು ತಂದವರು ಮಾವ. ತೊಡೆಯ ಮೇಲೆ ಇಟ್ಟುಕೊಂಡವರು. ಇಡ್ಲಿ ಹೇಗಿರುತ್ತದೆ ಎಂದು ನೋಡಿಕೊಂಡೇ ಹೋಗುತ್ತಾರಂತೆ."

ಮಾವ ಜೀವಮಾನವಿಡೀ ಬಂದವರಿಗೆ ಇಡ್ಲಿ ಹಾಕಿದ ಮನುಷ್ಯ. ಒಂದು ಹಳೆಯ ಸ್ಟವ್ವು, ಒಂದು ಹಳೆಯ ಪಾತ್ರೆ ಎತ್ತಿಕೊಂಡು ಗೋಡೆಯ ಆಚೆಗೆ ನಡೆದರು. ಪಾತ್ರೆ ಇನ್ನು ಒಳಗೆ ಬರುವುದಿಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕುಕ್ಕರುಗಾಲಿನಲ್ಲಿ ಕೂತು ಸ್ಟವ್ವಿಗೆ ಪಂಪು ಹೊಡೆಯುತ್ತ, ಯಾರಿಗೋ ಉತ್ತರ ಕೊಡುವವರಂತೆ ಹೇಳಿದರು: "ಕೀ ಕೋರಾ ಜಾಬೇ."

ಇಡ್ಲಿ ಹೂವಿನ ಹಾಗೆ ಬಂತು. ಅಂಥ ಇಡ್ಲಿ ಮಾವ ಮತ್ತೆ ಮಾಡಿದ್ದನ್ನು ನಾನು ಕಾಣೆ. ಘೋಷಾಲ್ ಬಾಬು ಒಂದು ತುಂಡು ಬಾಯಿಗಿಟ್ಟು, ಕಣ್ಣು ಮುಚ್ಚಿ, ತೀರ್ಪು ಕೊಟ್ಟರು. "ನಮ್ಮ ಭಾಪಾ ಪಿಠೆಯ ಹಾಗೇ ಇದೆ. ಬೆಲ್ಲ ಹಾಕಲು ಮರೆತಿದ್ದೀರಿ." ಭಾಪಾ ಪಿಠೆ ಎಂದರೆ ಇವರು ಚಳಿಗಾಲದಲ್ಲಿ ಹಬೆಯಲ್ಲಿ ಬೇಯಿಸುವ ಅಕ್ಕಿಯ ಸಿಹಿ ಕಡುಬು. ಬಾಪಿ ಎರಡು ತಿಂದು ಮೂರನೆಯದನ್ನು ನನ್ನ ಕೈಗಿಟ್ಟ. ಬೆಳಿಗ್ಗೆಯಿಂದ ಖಾಲಿ ಹೊಟ್ಟೆ. ತಿಂದೆ. ನುಂಗುವಾಗ ತಲೆ ಎತ್ತಿದರೆ ಮಾವ ನೋಡುತ್ತಿದ್ದಾರೆ.

"ತಿಂದು ಮುಗಿಸು," ಎಂದರು. "ಗಂಗೆಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲೇ ಒಳಗೆ ಬಾ. ಬಡಿಸಲಿಕ್ಕೆ ಜನ ಇಲ್ಲ."

ಶುಕ್ರವಾರ ಬಂತು. ನಾನು ಪೆಟ್ಟಿಗೆ ಕಟ್ಟಿ ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟೆ. ಮಾವ ಅದಕ್ಕೆ ಎಡವಿ, "ದಾರಿಯಲ್ಲಿ ಎಂತ ಇದು? ಕೊತ್ತಂಬರಿ ಯಾರು ತರುದು?" ಎಂದು ಗದರಿದರು. ಅಷ್ಟೇ. ರಾಯರ ಕಡೆಯ ಮುಂದಿನ ಸೀಮಂತ ಬೇರೆ ಅಡುಗೆಯವರಿಗೆ ಹೋಯಿತು. ಮೆಸ್ಸು ಮೊದಲಿನ ಹಾಗೆಯೇ ಕುಂಟುತ್ತ ಉಳಿಯಿತು. ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸುವಾಗ ನನಗೆ ಸಂತೋಷವಾಯಿತೋ ದುಃಖವಾಯಿತೋ ಹೇಳಲಾರೆ. ಭಾರವಂತೂ ಆಯಿತು.

ಹೋದ ಬೇಸಿಗೆಯಲ್ಲಿ ಅಕ್ಕನ ಮದುವೆಗೆ ಊರಿಗೆ ಹೋಗಿದ್ದೆ. ಉಡುಪಿಯಿಂದ ಕುಂದಾಪುರದ ಬಸ್ಸು, ಪಕ್ಕದಲ್ಲಿ ಅಮ್ಮ, ನನಗೆ ಕಿಟಕಿಯ ಕಡೆಯದಲ್ಲ, ಈಚೆಯ ಸೀಟು. ಬ್ರಹ್ಮಾವರದಲ್ಲಿ ಒಬ್ಬರು ಹೆಂಗಸು ದೊಡ್ಡ ಚೀಲ ಹೊತ್ತು ಹತ್ತಿ ನನ್ನ ಪಕ್ಕದಲ್ಲೇ ನಿಂತರು. ನಾನು ಏನೂ ಯೋಚಿಸಲಿಲ್ಲ. ಕೈ ತಾನಾಗಿ ಹೋಗಿ ಚೀಲದ ಹಿಡಿಯನ್ನು ಹಿಡಿಯಿತು.

"ಹೋಯ್! ಎಂತ ನೀವು, ಚೀಲ ಎಳಿತೀರಿ?" ಎಂದು ಅವರು ಚೀಲವನ್ನು ಎದೆಗೆ ಅವುಚಿಕೊಂಡರು.

"ಇಲ್ಲ ಅಕ್ಕ, ಹಿಡ್ಕೊಳ್ಳುವಾ ಅಂತ..."

"ನಮ್ಮ ಚೀಲ ನೀವು ಯಾಕೆ ಹಿಡ್ಕೊಳ್ಳುದು?"

ಬಸ್ಸು ಪೂರ್ತಿ ತಿರುಗಿ ನೋಡಿತು. ಕಂಡಕ್ಟರ್ ಬಂದ. ಅವನ ನಡಿಗೆ, ಅವನ ಸೀಟಿ, ಎಲ್ಲ ನನಗೆ ಬಾಯಿಪಾಠ. ಈಗ ಅದಾವುದೂ ಕೆಲಸಕ್ಕೆ ಬರಲಿಲ್ಲ. ಅಮ್ಮನೇ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು, ಮನೆಯಲ್ಲಿ ಕಾಯಿಲೆಯವರಿದ್ದರೆ ಹೇಳುವ ಸ್ವರದಲ್ಲಿ: "ಬೇಜಾರು ಮಾಡಬೇಡಿ. ಅವ ಕಲ್ಕತ್ತದಲ್ಲಿ ಇರುದು."

ಹೆಂಗಸು ದೂರ ಸರಿದು ನಿಂತರು. ಚೀಲ ಭಾರವಿತ್ತು, ಈ ಕೈಯಿಂದ ಆ ಕೈಗೆ ಬದಲಿಸುತ್ತಲೇ ಇದ್ದರು. ನಾನು ನನ್ನ ಎರಡು ಕೈಗಳನ್ನೂ ಖಾಲಿ ತೊಡೆಯ ಮೇಲೆ ಇಟ್ಟುಕೊಂಡು, ಅವು ಮತ್ತೆ ಏಳದಂತೆ ಒಂದರ ಮೇಲೊಂದು ಒತ್ತಿ ಹಿಡಿದು, ಕುಂದಾಪುರದವರೆಗೆ ಕೂತಿದ್ದೆ.